ಶ್ರೀನಿವಾಸಪ್ಪನ ಲಾನಿನ ಮೇಲೆ ಬಂದ ರಸ್ತೆ

ನಮ್ಮೂರು ನೇರಳಕುಂಟೆಯಲ್ಲಿ ನೇರಳೆ ಮರವೂ ಇಲ್ಲ, ಕುಂಟೆಯೂ ಇಲ್ಲ. ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಎಡಗಡೆ ಒಂದು ಕಮಾನು ಸಿಗುತ್ತದೆ, ಅದರಾಚೆ ಸುಮಾರು ಅರವತ್ತು ಮನೆ. ಈ ಮನೆಗಳವರೆಲ್ಲ ಬೆಳಿಗ್ಗೆ ಸಾಯಂಕಾಲ ನನ್ನ ಮುಂದೆ ಕ್ಯಾನು ಹಿಡಿದು ನಿಲ್ಲುತ್ತಾರೆ, ಯಾಕೆಂದರೆ ನಾನು ಇಲ್ಲಿನ ಹಾಲಿನ ಡೈರಿಯ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿದರೆ ತಿಳಿಯುವುದಕ್ಕೆ ನಮಗೊಂದು ಯಂತ್ರ ಕೊಟ್ಟಿದ್ದಾರೆ. ಮಾತಿಗೆ ಬೆರೆಸಿದ್ದನ್ನು ಹಿಡಿಯುವ ಯಂತ್ರ ಇನ್ನೂ ಬಂದಿಲ್ಲ. ಬಂದಿದ್ದರೆ ಈ ಕಥೆ ಮೊದಲನೇ ದಿನವೇ ಮುಗಿದು, ನನಗೆ ಬರೆಯುವ ಕಷ್ಟ ತಪ್ಪುತ್ತಿತ್ತು.

ಶ್ರೀನಿವಾಸಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದವನು. ತಲೆಗೂದಲು ಕಪ್ಪಗಿದ್ದಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬೆಳ್ಳಗಾದ ಮೇಲೆ ಇಳಿದವನು. ಹೋದ ವರ್ಷ ರಿಟೈರ್ ಆದಾಗ ಕಾರ್ಖಾನೆಯವರು ಅವನನ್ನು ತಮ್ಮ ಹುಲ್ಲುಹಾಸಿನ ನಡುವೆ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಫೋಟೊ ತೆಗೆದರು. ಹಿಂದೆ ಕಾರಂಜಿ, ಪಕ್ಕದಲ್ಲಿ ಗುಲಾಬಿ ಸಾಲು. ಅಷ್ಟು ವರ್ಷ ದುಡಿದರೂ ಆ ಹುಲ್ಲಿನ ಮೇಲೆ ಅವನು ಕಾಲಿಟ್ಟದ್ದು ಅದೇ ಮೊದಲು, ಅದೇ ಕೊನೆ. ಫೋಟೊ ಮಾತ್ರ ಮೊಬೈಲಿನಲ್ಲಿ ಉಳಿಯಿತು.

ಅವನ ಮಗಳು ಚಂದನ ಬಂಗಾರಪೇಟೆಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ರಾಬರ್ಟ್‌ಸನ್‌ಪೇಟೆಯ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಬಾಲಾಜಿ, ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನೆಂಟರ ಮನೆಯಲ್ಲಿ ಹೆಣ್ಣು ನೋಡಿದ್ದೂ ಆಗಿತ್ತು, ಇಬ್ಬರೂ ಒಪ್ಪಿದ್ದೂ ಆಗಿತ್ತು. ಹುಡುಗನ ತಂದೆ ಮುನಿಸ್ವಾಮಪ್ಪ ಒಂದು ಸಲ ನೇರಳಕುಂಟೆಗೆ ಬಂದು, ತಾಂಬೂಲ ಬದಲಾಯಿಸಿಕೊಂಡು ಹೋಗುವುದೊಂದು ಬಾಕಿ.

ಅಷ್ಟರಲ್ಲಿ ಇಬ್ಬರು ಬೀಗರೂ ಒಂದು ದಿನ ರೈಲಿನಲ್ಲಿ ಎದುರುಬದುರಾದರು. ಮೊಬೈಲಿನಲ್ಲಿ ಅದೂ ಇದೂ ತೋರಿಸುವಾಗ ಬೆತ್ತದ ಕುರ್ಚಿಯ ಫೋಟೊ ಬಂತು.

"ಏನ್ ಬೀಗ್ರೇ, ಇದು ನಿಮ್ಮನೆ ಮುಂದಾ?" ಎಂದು ಮುನಿಸ್ವಾಮಪ್ಪ ಕಣ್ಣರಳಿಸಿ ಕೇಳಿದರು.

ಶ್ರೀನಿವಾಸಪ್ಪ ಹೌದು ಎನ್ನಲಿಲ್ಲ. ಇದನ್ನು ಅವನು ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. "ಸಾಯಂಕಾಲ ಗಾಳಿ ಚೆನ್ನಾಗಿ ಬತ್ತದೆ" ಎಂದನಂತೆ, ಅಷ್ಟೆ.

"ಅಂಗಾದ್ರೆ ಶಿವರಾತ್ರಿ ಒಳ್ಗೆ ಬಂದ್ಬಿಡ್ತೀವಿ. ತಾಂಬೂಲ ಅಲ್ಲೇ, ಆ ಉಲ್ಲಿನ ಮ್ಯಾಲೇ" ಎಂದರು ಮುನಿಸ್ವಾಮಪ್ಪ.

ಆ ಹೊತ್ತಿಗೆ ಶ್ರೀನಿವಾಸಪ್ಪನ ಮನೆ ಮುಂದೆ ಇದ್ದದ್ದು ಒಂದು ತಿಪ್ಪೆ, ಒಂದು ಹುಲ್ಲಿನ ಬಣವೆ, ಎರಡು ಸೀಮೆಹಸು, ಮತ್ತು ಅವನ ಹೆಂಡತಿ ಮುನಿನಾರಾಯಣಮ್ಮ ಹಾಕಿದ್ದ ಅವರೆ ಪಾತಿ.

"ಈ ತಿಪ್ಪೆ ತೆಗೀಬೇಕು. ಇಲ್ಲಿ ಲಾನ್ ಬತ್ತದೆ" ಎಂದು ಅವನು ಮನೆಗೆ ಬಂದವನೇ ಘೋಷಿಸಿದ.

ಮುನಿನಾರಾಯಣಮ್ಮ ಸಗಣಿ ಬಾಚುತ್ತಿದ್ದವಳು ತಲೆ ಎತ್ತಲಿಲ್ಲ. "ಅದ್ಯಾವ ತಳಿ? ಎಷ್ಟು ಕರೀತದೆ?"

"ಅಸು ಅಲ್ಲ ಕಣೇ. ಉಲ್ಲು. ನೆಲದ ತುಂಬಾ ಅಸುರು ಉಲ್ಲು."

"ಒಳ್ಳೇದಾಯ್ತು ಬಿಡು. ಮೇವಿನ ಕಷ್ಟ ತಪ್ತು."

"ಅದನ್ನ ಅಸು ಮೇಯಂಗಿಲ್ಲ."

"ಅಸು ಮೇಯ್ದೆ ಇರೋ ಉಲ್ಲು ಇನ್ಯಾರು ಮೇಯ್ತಾರೆ, ನೀನಾ?"

ಶ್ರೀನಿವಾಸಪ್ಪ ರೈಲಿನ ವಿಷಯ ಬಾಯಿಬಿಟ್ಟ. ಮುನಿನಾರಾಯಣಮ್ಮ ಬುಟ್ಟಿ ಕೆಳಗಿಟ್ಟಳು. ಮಗಳ ವಿಷಯವಾದ್ದರಿಂದ ತಿಪ್ಪೆಯನ್ನು ಹಿತ್ತಲಿಗೆ ಸಾಗಿಸಲು ಒಪ್ಪಿದಳು, ಬಣವೆಯನ್ನೂ ಬಿಟ್ಟುಕೊಟ್ಟಳು. ಅವರೆ ಪಾತಿಯನ್ನು ಮಾತ್ರ ಬಿಡಲಿಲ್ಲ. "ಇನ್ನೊಂದು ಕೊಯ್ಲು ಅದೆ. ಕಾಯಿ ಮುಗೀಗಂಟ ಒಂದು ಬಳ್ಳಿ ಮುಟ್ಟಿದ್ರೆ ನೋಡು" ಎಂದಳು. ಮಾಘದ ಚಳಿ ಇಳಿಯುವ ಕಾಲದಲ್ಲಿ ಸಿಗುವ ಕೊನೆಯ ಸೊಗಡಿನ ಅವರೆಗೆ ನಮ್ಮ ಕಡೆ ಹೆಂಗಸರು ಗಂಡನನ್ನು ಬೇಕಾದರೂ ಬಿಟ್ಟಾರು.

ಚಂದನ ಲ್ಯಾಬಿನಿಂದ ಬಂದು ವಿಷಯ ಕೇಳಿ ಅಳುವಂತಾದಳು. "ಅಪ್ಪಾ, ಅವ್ರಿಗೆ ನಿಜ ಏಳ್ಬಿಡು. ಅವ್ರೇನು ತೋಟ ನೋಡಿ ನನ್ನ ಒಪ್ಪಿದ್ರಾ?"

"ಈಗೇಳಿದ್ರೆ ಸುಳ್ಳುಗಾರ ಅಂತಾರಮ್ಮ. ಬೆಳೆಸ್ಬಿಟ್ರೆ ಸುಳ್ಳೇ ಇರಾಕಿಲ್ಲ."

"ನಿನ್ ಮಾತಿಂದ ಈ ಸಂಬಂಧ ಕೆಟ್ರೆ ನಾನಿನ್ನು ನಿನ್ನ ಮಾತಾಡ್ಸಲ್ಲ" ಎಂದು ಅವಳು ಒಳಗೆ ಹೋದಳು. ಹುಡುಗ ಅವಳಿಗೆ ನಿಜವಾಗಿ ಮನಸ್ಸಿಗೆ ಬಂದಿದ್ದ. ಶ್ರೀನಿವಾಸಪ್ಪ ಆ ರಾತ್ರಿಯೇ ಬೆಂಗಳೂರಿಗೊಂದು ಫೋನು ಮಾಡಿದ.

ಭಾನುವಾರ ಅವನ ಹಳೆಯ ಕಾರ್ಖಾನೆಯ ಅಂಬರೀಶ್ ಬಂದಿಳಿದ. ಅಂಬರೀಶ್ ಅಲ್ಲಿ ಗಿಡಗಳಿಗೆ ನೀರು ಹಾಯಿಸುವವರ ಮೇಲ್ವಿಚಾರಕನಾಗಿದ್ದವನು, ಈಗ ತನ್ನನ್ನು ಲ್ಯಾಂಡ್‌ಸ್ಕೇಪ್ ಕನ್ಸಲ್ಟೆಂಟ್ ಎಂದು ಕರೆದುಕೊಳ್ಳುತ್ತಾನೆ. ಕಿತ್ತಳೆ ಬಣ್ಣದ ಜಾಕೆಟ್ಟು, ಹಳದಿ ಟೋಪಿ, ಕೈಯಲ್ಲಿ ಉದ್ದದ ಟೇಪು. ಮನೆಮುಂದೆ ನಿಂತು ಸೂರ್ಯನನ್ನೊಮ್ಮೆ ನೋಡಿ, ನೆಲವನ್ನೊಮ್ಮೆ ನೋಡಿ ತಲೆಯಾಡಿಸಿದ.

"ನಮ್ಮ ಕಡೆ ಬಿಸಿಲು ನೋಡ್ದೆ ಗಿಡ ನೆಡೋದೇ ತಪ್ಪು ಸೀನಣ್ಣ. ಶಿವರಾತ್ರಿ ಕಳೀತಿದ್ದಂಗೆ ಪಡುವಣದ ಬಿಸಿಲು ಬಂದು ಸುಟ್ಟುಹಾಕುತ್ತೆ. ಪಡುವಣಕ್ಕೆ ಹೊಂಗೆ ಹಾಕಿ ನೆರಳು ಮಾಡು, ಮೂಡಣಕ್ಕೆ ಹೂವು, ನಡುವೆ ಲಾನು. ಮೊದಲು ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಗೂಟ ಹೊಡೀಬೇಕು."

ಹೀಗೆ ಬೆಳಗಿನ ನೆರಳಿಗೊಂದು, ಮಧ್ಯಾಹ್ನದ ನೆರಳಿಗೊಂದು, ಸಂಜೆಯ ನೆರಳಿಗೊಂದು ಎಂದು ಗೂಟಗಳು ಬಿದ್ದವು. ದೂರಕ್ಕೆ ಕಾಣಲಿ ಎಂದು ತಲೆಗೆ ಕೆಂಪು ಬಟ್ಟೆಯ ಚೂರು ಕಟ್ಟಿದರು. ಆಮೇಲೆ ಅಂಬರೀಶ್ ನೀರಿನ ಪೈಪನ್ನು ನೆಲದ ಮೇಲೆ ಬಳುಕಿಸಿ ಹಾಸಿ, ಅದರ ಗುಂಟ ಸುಣ್ಣದ ಪುಡಿ ಉದುರಿಸಿಕೊಂಡು ಹೋದ. ಲಾನಿನ ಅಂಚು ನೆಟ್ಟಗೆ ಹೋಗುವಂತಿರಲಿಲ್ಲ. ಅಡ್ಡ ಅವರೆ ಪಾತಿ ಇತ್ತು, ಪಾತಿಯ ಪಕ್ಕ ಕುಡುಗೋಲು ಹಿಡಿದ ಮುನಿನಾರಾಯಣಮ್ಮ ಇದ್ದಳು. ಹಾಗಾಗಿ ಗೆರೆ ಅಲ್ಲಿ ದೊಡ್ಡದಾಗಿ ಬಳಸಿಕೊಂಡು, ಎದುರುಮನೆಯ ಮುನಿರತ್ನಮ್ಮನ ಬಾಗಿಲಿಗೆ ಮೂತಿ ಮಾಡಿ ನಿಂತಿತು.

ಮುನಿರತ್ನಮ್ಮ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದವಳು ನಿಂತಳು.

"ಏನ್ ಸೀನಣ್ಣ, ಅಳತೆ ನಡೀತಾ ಅದೆ?"

"ಪ್ಲಾನು ಕಣಮ್ಮ. ಶಿವರಾತ್ರಿ ಒಳ್ಗೆ ಕೆಲ್ಸ ಆಗ್ಬೇಕು."

"ಯಾರ್ದು ಪ್ಲಾನು?"

ಶ್ರೀನಿವಾಸಪ್ಪ ಹಿಂದೆ ಮುಂದೆ ನೋಡಿದ. ಲಾನು ಈಗ ಹುಟ್ಟುತ್ತಿದೆ ಎಂದು ಬೀಗರ ಕಿವಿಗೆ ಬಿದ್ದರೆ ಮರ್ಯಾದೆ ಹೋಗುತ್ತದೆ. "ಸದ್ಯಕ್ಕೆ ಯಾರಿಗೂ ಏಳ್ಬೇಡ. ಆಚೆ ಗೊತ್ತಾದ್ರೆ ಎಲ್ಲಾ ಕೆಡ್ತದೆ" ಎಂದ.

ಅಂಬರೀಶ್ ಟೇಪು ಸುತ್ತುತ್ತಾ, "ಇಲ್ಲಿಂದ ಹೀಗೆ ಕರ್ವ್ ಬರುತ್ತೆ ನೋಡೀಮ್ಮ. ಅಡ್ಡ ಇರೋದೆಲ್ಲ ಒಂದಿನ ಹೋಗಲೇಬೇಕು" ಎಂದು ಸೇರಿಸಿದ. ಅವನು ಹೇಳಿದ್ದು ಅವರೆ ಪಾತಿಯ ವಿಷಯ. ಅವನ ಕೈ ಮಾತ್ರ ಮುನಿರತ್ನಮ್ಮನ ಮನೆಯ ಕಡೆಗಿತ್ತು.

ಇಲ್ಲೊಂದು ಸಂಗತಿ ಹೇಳಬೇಕು. ಕೆ.ಜಿ.ಎಫ್.ನಲ್ಲಿ ಯಾರಾದರೂ ಗೂಟ ಹೊಡೆದರೆ ಗಣಿ ಮತ್ತೆ ತೆರೆಯುತ್ತಾರೆ ಎನ್ನುತ್ತಾರೆ. ಬಂಗಾರಪೇಟೆ ಕಡೆ ಗೂಟ ಹೊಡೆದರೆ ರಸ್ತೆ ಬರುತ್ತದೆ ಎನ್ನುತ್ತಾರೆ. ನಾವು ನಡುವೆ ಇರುವವರು, ಆದರೂ ಬಸ್ಸು ಬಂಗಾರಪೇಟೆ ಕಡೆಯಿಂದ ಬರುವುದರಿಂದ ರಸ್ತೆ ಎಂದೇ ತೀರ್ಮಾನವಾಯಿತು. ರಸ್ತೆಗೆ ಜಮೀನು ಹೋದರೆ ಮಣ್ಣಿಗಿಂತ ಮರಕ್ಕೆ ಪರಿಹಾರ ಹೆಚ್ಚು ಎಂಬುದು ಈ ಭಾಗದಲ್ಲಿ ಕೂಸಿಗೂ ಗೊತ್ತು. ಹಾಗಾಗಿ ಕೆಂಪು ಬಟ್ಟೆ ಕಟ್ಟಿದ ಗೂಟ ಕಂಡರೆ ನಮ್ಮವರ ಕೈ ತಾನಾಗಿಯೇ ಗುದ್ದಲಿಯ ಕಡೆ ಹೋಗುತ್ತದೆ.

ಮುನಿರತ್ನಮ್ಮ ಡೈರಿಗೆ ಬಂದು, ಯಾರಿಗೂ ಹೇಳಬಾರದು ಎಂದು ಎಲ್ಲರಿಗೂ ಹೇಳಿದಳು. ಕಿತ್ತಳೆ ಜಾಕೆಟ್ಟಿನ ಆಫೀಸರು ಬಂದಿದ್ದರೆಂದೂ, ಶಿವರಾತ್ರಿಯೊಳಗೆ ರಸ್ತೆಯ ಕೆಲಸವಂತೆ ಎಂದೂ, ಶ್ರೀನಿವಾಸಪ್ಪನೇ ಮುಂದೆ ನಿಂತು ಗೂಟ ಹೊಡೆಸುತ್ತಿದ್ದಾನೆಂದೂ ತಿಳಿಯಿತು.

"ಸೀನಣ್ಣ ಬೆಂಗ್ಳೂರಿಗೆ ಓಡಾಡ್ದೋನು. ಅವ್ನಿಗೆ ಮೊದ್ಲೇ ಸುದ್ದಿ ಬಂದಿರ್ತದೆ" ಎಂದ ಮುನಿರಾಜ್. ಇವನು ಮುನಿರತ್ನಮ್ಮನ ಪಕ್ಕದ ಮನೆಯವನು, ಊರಿನಲ್ಲಿ ಎಲ್ಲ ವಿಷಯಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡವನು.

"ಅಂಗಂತ ಅವ್ನು ಏಳಿದ್ನಾ?" ಎಂದು ನಾನು ಕೇಳಿದೆ.

"ಏಳ್ಲಿಲ್ಲ. ಅದ್ಕೇ ನಿಜ" ಎಂದ ಮುನಿರಾಜ್.

ಮಾರನೇ ದಿನದಿಂದ ನೇರಳಕುಂಟೆಗೆ ಗಿಡಗಳ ಮೆರವಣಿಗೆ ಶುರುವಾಯಿತು. ಮಳೆಗಾಲದಲ್ಲಿ ಶಾಲೆಯವರು ಪುಕ್ಕಟೆ ಕೊಟ್ಟ ಸಸಿಯನ್ನು ಮೇಕೆಗೆ ಹಾಕಿದ ಜನ, ಆಟೋದಲ್ಲಿ, ಸ್ಕೂಟರಿನಲ್ಲಿ, ಬಸ್ಸಿನ ತಲೆಯ ಮೇಲೆ ಮಾವು ಸಪೋಟ ತೆಂಗು ಹೊತ್ತು ತಂದರು. ಮುನಿರಾಜ್ ತನ್ನ ಅಂಗಳದಲ್ಲಿ ಎಷ್ಟು ಒತ್ತಾಗಿ ಮಾವು ನೆಟ್ಟನೆಂದರೆ, ಅವನ ಮನೆಯವರು ಅಡ್ಡಡ್ಡ ತಿರುಗಿ ಬಾಗಿಲು ಸೇರಬೇಕಾಯಿತು. ಮುದುಕಿ ನರಸಮ್ಮ ಜಾಗ ಸಾಲದೆ ತುಳಸಿ ಕಟ್ಟೆಯಲ್ಲೊಂದು ಹಲಸು ಇಟ್ಟಳು. ಬಸ್ ಸ್ಟಾಪಿನ ಹಿಂದೆ ಸಿಲ್ವರ್ ಓಕ್ ಬಂತು. ಡೈರಿಯ ಮುಂದೆಯೂ ಎರಡು ತೆಂಗಿನ ಸಸಿ ಬಂದವು. ಅವನ್ನು ನೆಟ್ಟವರು ಯಾರೆಂದು ಕೇಳಬೇಡಿ, ಅದು ಸಂಘದ ಆಸ್ತಿ.

ಶ್ರೀನಿವಾಸಪ್ಪ ಇದ್ಯಾವುದನ್ನೂ ಗಮನಿಸಲಿಲ್ಲ. ಅವನು ತಿಪ್ಪೆ ಸಾಗಿಸುವುದರಲ್ಲಿ ಮುಳುಗಿದ್ದ. ನೆಲ ಹದವಾದ ಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ವೇಣು ನಡೆಸುವ ನರ್ಸರಿಗೆ ಹೋದ. ನರ್ಸರಿಯಲ್ಲಿ ನೆರಳುಪರದೆ ಇತ್ತು, ವೇಣು ಇದ್ದ. ಗಿಡ ಇರಲಿಲ್ಲ.

"ವಾಂಗ, ಬನ್ನಿ ಅಣ್ಣಾ. ಎಲ್ಲಾ ಖಾಲಿ ಆಗೋಯ್ತು. ಇಷ್ಟು ವರ್ಷದ ವ್ಯಾಪಾರದಾಗೆ ಮಾಘ ಮಾಸದಾಗೆ ಇಂಗೆ ಆಗಿದ್ದು ನೋಡೇ ಇಲ್ಲ" ಎಂದ ವೇಣು.

"ಲಾನಿನ ಉಲ್ಲು ಅದಾ?"

"ಉಲ್ಲೂ ಇಲ್ಲ. ಒಬ್ಬಮ್ಮ ಅದಕ್ಕೂ ಪರಿಹಾರ ಬತ್ತದಾ ಅಂತ ಕೇಳಿ ತಗೊಂಡೋದ್ರು."

"ಎಂಥಾ ಪರಿಹಾರ?"

"ಇಲ್ಲೇ ನೇರಳಕುಂಟೆ ಅಂತ ಊರು. ದೊಡ್ಡ ರಸ್ತೆ ಬತ್ತದಂತೆ ಅಣ್ಣಾ. ಗೂಟ ಹೊಡ್ದಾಗಿದೆ. ಊರಿಗೂರೇ ಓತದೆ ಅಂತಾರೆ."

ಶ್ರೀನಿವಾಸಪ್ಪ ಅಲ್ಲೇ ಇದ್ದ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟ. ತಾನು ಹುಟ್ಟಿದ ಊರಿಗೆ ರಸ್ತೆ ಬರುವ ಸುದ್ದಿಯನ್ನು ಹೀಗೆ ಗಿಡದ ಅಂಗಡಿಯಲ್ಲಿ ಕೇಳಬೇಕಾಯಿತಲ್ಲ ಎಂದು ಅವನಿಗೆ ಸಂಕಟವಾಯಿತು. ಮನೆಯೇ ಹೋದರೆ ಬೀಗರಿಗೆ ತಾಂಬೂಲ ಎಲ್ಲಿ ಕೊಡುವುದು? ವೇಣು ಕನಿಕರದಿಂದ, ಕುಂಡ ಒಡೆದು ಉಳಿದಿದ್ದ ಒಂದು ಗುಲಾಬಿಯನ್ನು ಸುಮ್ಮನೆ ಕೊಟ್ಟು ಕಳಿಸಿದ.

ಊರಿಗೆ ಬಂದವನು ನೇರ ಮುನಿರಾಜ್‌ನನ್ನು ಹಿಡಿದ. ಮಾವಿನ ಗಿಡಗಳ ಸಂದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಮುನಿರಾಜ್‌ನ ತಲೆ ಮಾತ್ರ ಕಾಣುತ್ತಿತ್ತು.

"ರಸ್ತೆ ಬತ್ತದಂತಲ್ಲೋ ಮುನಿರಾಜಾ, ನಿಜವಾ?"

ಮುನಿರಾಜ್ ನಕ್ಕ. "ನೀನೇ ಏಳ್ಬೇಕಣ್ಣ."

"ನಂಗೇನ್ ಗೊತ್ತು? ಎಲ್ಲಿ ಓತದೆ ಅದು?"

"ನಮ್ ಮನೆ ಮ್ಯಾಲೆ ಓಗ್ದಂಗೆ ನೋಡ್ಕೊಳಣ್ಣ ಸಾಕು. ಎಲ್ಲಾ ನಿನ್ ಕೈಲೇ ಅದೆ."

ಮುನಿರಾಜ್ ಏನೋ ಮುಚ್ಚಿಡುತ್ತಿದ್ದಾನೆ ಎಂದು ಶ್ರೀನಿವಾಸಪ್ಪನಿಗೆ ಅನ್ನಿಸಿತು. ಶ್ರೀನಿವಾಸಪ್ಪ ಏನೋ ಮುಚ್ಚಿಡುತ್ತಿದ್ದಾನೆ ಎಂದು ಮುನಿರಾಜ್‌ಗೆ ಖಾತ್ರಿಯಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಬೇರೆಯಾದರು.

ಅಲ್ಲಿಂದ ಗೂಟಗಳಿಗೆ ಕಾಲು ಬಂತು. ಗಿಡದ ಪರಿಹಾರ ಎಲ್ಲರಿಗೂ ಬೇಕಿತ್ತು, ರಸ್ತೆ ಮನೆಯ ಮೇಲೆ ಬರುವುದು ಯಾರಿಗೂ ಬೇಡವಾಗಿತ್ತು. ಗೆರೆ ತನ್ನ ಬಾಗಿಲಿಗೆ ಮೂತಿ ಮಾಡಿದೆಯೆಂದು ಮುನಿರತ್ನಮ್ಮ ಎಲ್ಲರೂ ಹೊಲಕ್ಕೆ ಹೋದ ಹೊತ್ತು ನೋಡಿ, ನಾಲ್ಕು ಗೂಟ ಕಿತ್ತು ಮುನಿರಾಜ್‌ನ ಮನೆಯ ಕಡೆ ನೆಟ್ಟಳು. ಮುನಿರಾಜ್ ಅವನ್ನು ನರಸಮ್ಮನ ಹಟ್ಟಿಯ ಕಡೆ ತಿರುಗಿಸಿದ. ನರಸಮ್ಮನಿಗೆ ಬಗ್ಗಲಾಗದ್ದರಿಂದ ಅವಳು ಮೊಮ್ಮಗಳನ್ನು ಕಳಿಸಿ ಮತ್ತೆ ಮುನಿರತ್ನಮ್ಮನ ಬಾಗಿಲಿಗೇ ಸೇರಿಸಿದಳು. ಶ್ರೀನಿವಾಸಪ್ಪ ದಿನಾ ಸಂಜೆ ಬಂದು, ಹಸುಗಳು ಗೂಟ ಕಿತ್ತಿವೆ ಎಂದು ಅವಕ್ಕೆ ಬೈದು, ಮೊದಲಿನ ಜಾಗಕ್ಕೇ ಹೊಡೆಯುತ್ತಿದ್ದ. ಅಷ್ಟು ಮಾಡಿಯೂ ಗೆರೆ ಅವರೆ ಪಾತಿಯನ್ನು ಬಳಸಿಕೊಂಡೇ ಹೋಗುತ್ತಿತ್ತು. ಸರ್ಕಾರದ ರಸ್ತೆಯನ್ನೇ ಹೆಂಡತಿಯ ಅವರೆಕಾಯಿಗೋಸ್ಕರ ಬಗ್ಗಿಸಿದ್ದಾನೆಂದರೆ ಇವನ ಕೈ ಎಷ್ಟು ಉದ್ದ ಇರಬೇಕು ಎಂದು ಡೈರಿಯಲ್ಲಿ ಮಾತಾಯಿತು.

ಸುದ್ದಿ ಕೊನೆಗೆ ಗ್ರಾಮ ಆಡಳಿತಾಧಿಕಾರಿ ಸುಮಿತಾ ಅವರನ್ನು ಮುಟ್ಟಿತು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ, ಸ್ಕೂಟಿಯಲ್ಲಿ ಬಂದು ಗೂಟ ನೋಡಿದರು, ಸುಣ್ಣದ ಗೆರೆ ನೋಡಿದರು, ಊರು ತುಂಬಾ ಎದ್ದಿದ್ದ ತೋಪು ನೋಡಿದರು. ಅವರಿಗೆ ಯಾವ ಆದೇಶವೂ ಬಂದಿರಲಿಲ್ಲ. ಮೇಲಿನವರಿಗೆ ಫೋನು ಮಾಡಿದರೆ, ಅವರು ತಮಗೆ ತಿಳಿಯದೆಂದೂ, ಬೇರೆ ಇಲಾಖೆಯವರು ಇರಬಹುದೆಂದೂ, ತಿಳಿಯದೆ ಏನೂ ಹೇಳಿಬಿಡಬೇಡವೆಂದೂ ಅಂದರು.

"ಮೇಡಮ್, ರಸ್ತೆ ಬರೋದು ಸುಳ್ಳಾ?" ಎಂದು ನಾನೇ ಕೇಳಿದೆ.

ಸುಮಿತಾ ಬಹಳ ಯೋಚಿಸಿದರು. "ಹಾಗಂತ ನಾವು ಹೇಳೋಕಾಗಲ್ಲ" ಎಂದರು.

"ಅಂಗಾದ್ರೆ ನಿಜಾನಾ?"

"ಹಾಗಂತಲೂ ಹೇಳೋಕಾಗಲ್ಲ. ನಮಗೆ ಇನ್ನೂ ಲೆಟರ್ ಬಂದಿಲ್ಲ."

ಸರ್ಕಾರವೇ 'ಇನ್ನೂ ಬಂದಿಲ್ಲ' ಎಂದ ಮೇಲೆ, ಬರುವುದೊಂದು ಬಿಟ್ಟರೆ ಉಳಿದದ್ದೇನು? ಆ ಸಂಜೆ ಬಂಗಾರಪೇಟೆಯಿಂದ ಮತ್ತೊಂದು ಟೆಂಪೋ ಗಿಡ ಬಂತು.

ಶಿವರಾತ್ರಿಗೆ ಇನ್ನೂ ಒಂದು ವಾರ ಇದ್ದಾಗ, ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಕಮಾನಿನೊಳಗೆ ಒಂದು ಬಿಳಿ ಜೀಪು ಬಂತು. ಅದರಿಂದ ಸಫಾರಿ ತೊಟ್ಟ, ಕಂಕುಳಲ್ಲಿ ಫೈಲು ಇಟ್ಟ ಒಬ್ಬರು ಇಳಿದರು. ಅವರು ಮುನಿಸ್ವಾಮಪ್ಪ. ಪುರೋಹಿತರು ಎರಡು ಲಗ್ನ ಕೊಟ್ಟಿದ್ದರಿಂದ ಯಾವುದೆಂದು ಕೇಳಿಹೋಗಲು, ಭಾವಮೈದನ ಜೀಪು ತೆಗೆದುಕೊಂಡು, ಜಾತಕ ಪಂಚಾಂಗಗಳ ಸಮೇತ ಹೇಳದೆ ಕೇಳದೆ ಬಂದಿದ್ದರು. ಇದು ನಮಗೆ ಆಮೇಲೆ ತಿಳಿದದ್ದು.

"ಶ್ರೀನಿವಾಸಪ್ಪನ ಮನೆ ಯಾವ್ದು?" ಎಂದು ಅವರು ಕೇಳಿದರು.

ಡೈರಿಯ ಸಾಲು ಒಡೆಯಿತು. ಗೂಟ ಬಿದ್ದ ಮನೆಯನ್ನೇ ಕೇಳಿಕೊಂಡು, ಫೈಲು ಹಿಡಿದು ಬಂದವರು ಇನ್ನು ಯಾರಿರಬೇಕು? ಮುನಿರಾಜ್ ಕ್ಯಾನು ನನ್ನ ಕಾಲ ಮೇಲಿಟ್ಟು ಓಡಿದ.

"ಬನ್ನಿ ಸಾರ್, ಮೊದ್ಲು ನಮ್ದು ನೋಡಿ ಸಾರ್. ಇವೆಲ್ಲ ನಮ್ ಮಾವಿನ ಮರ. ನಮ್ಮಪ್ಪನ ಕಾಲದ್ದು."

ಮರ ಅವನ ಮೊಣಕಾಲಿಗೆ ಬರುತ್ತಿತ್ತು. ಬುಡದಲ್ಲಿ ನರ್ಸರಿಯ ಕಪ್ಪು ಕವರು ಇಣುಕುತ್ತಿತ್ತು. ಮುನಿಸ್ವಾಮಪ್ಪ ಗಿಡ ನೋಡಿದರು, ಮುನಿರಾಜ್‌ನನ್ನು ನೋಡಿದರು.

"ನಮ್ ಕಡೆ ಮಳೆ ಕಮ್ಮಿ ಸಾರ್. ಬೆಳವಣಿಗೆ ನಿಧಾನ" ಎಂದ ಮುನಿರಾಜ್.

"ಸಾರ್, ನನ್ ಹಲಸು ನೋಡಿ ಸಾರ್" ಎಂದು ನರಸಮ್ಮ ಕೋಲೂರಿಕೊಂಡು ಬಂದಳು. "ಸಾರ್, ರಸ್ತೆ ನನ್ ಮನೆ ಮ್ಯಾಲೆ ಬರೋದು ಬ್ಯಾಡ ಸಾರ್" ಎಂದು ಮುನಿರತ್ನಮ್ಮ ಕೈಮುಗಿದಳು.

ಈ ಮುನಿಸ್ವಾಮಪ್ಪ ಸರ್ವಿಸ್ ಪೂರ್ತಿ ಬೀದಿಬೀದಿಗೆ ಕುಡಿಯುವ ನೀರು ಬಿಡುವ ಕೆಲಸ ಮಾಡಿದವರು. ವಾಲ್ವು ತಿರುಗಿಸಿದರೂ ಬೈಗುಳ, ತಿರುಗಿಸದಿದ್ದರೂ ಬೈಗುಳ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು ಯಾರೂ ಅವರನ್ನು ಸಾರ್ ಎಂದವರಲ್ಲ. ಮೊದಲನೇ ಸಾರ್‌ಗೆ ಅವರು ಗಲಿಬಿಲಿಯಾದರು. ಎರಡನೆಯದಕ್ಕೆ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. ಆಮೇಲೆ ಬೆನ್ನು ನೆಟ್ಟಗಾಯಿತು, ಫೈಲು ಕಂಕುಳಿನಿಂದ ಕೈಗೆ ಬಂತು.

"ಹೂಂ. ನೋಡೋಣ. ಗೂಟ ಎಲ್ಲಿ?" ಎಂದರು.

ಊರಿಗೆ ಊರೇ ಅವರನ್ನು ಶ್ರೀನಿವಾಸಪ್ಪನ ಅಂಗಳಕ್ಕೆ ಕರೆದೊಯ್ದಿತು. ಬಾಗಿಲಲ್ಲಿ ಶ್ರೀನಿವಾಸಪ್ಪ ಬನಿಯನ್ನಿನಲ್ಲಿ ನಿಂತಿದ್ದ. ಬೀಗರನ್ನು ಕಂಡು ಟವೆಲು ಹೆಗಲಿಗೆ ಎಳೆದುಕೊಂಡ. ಅಂಗಳದಲ್ಲಿ ಇದ್ದದ್ದು ಬೋಳು ಕೆಮ್ಮಣ್ಣು, ಅವರೆ ಪಾತಿ, ಸುಣ್ಣದ ಗೆರೆ, ಕೆಂಪು ಬಟ್ಟೆಯ ಗೂಟಗಳು, ಹಸು ತಿಂದುಳಿಸಿದ ಒಂದು ಗುಲಾಬಿ ಕಡ್ಡಿ.

"ಇದೇ ಸಾರ್ ರಸ್ತೆ ಗೂಟ" ಎಂದು ಮುನಿರತ್ನಮ್ಮ ತೋರಿಸಿದಳು.

ಆಗ ಶ್ರೀನಿವಾಸಪ್ಪನಿಗೆ ಮೊದಲ ಸಲ ಅರ್ಥವಾಯಿತು. ಇಷ್ಟು ದಿನ ತಾನು ಹೆದರುತ್ತಿದ್ದ ರಸ್ತೆ ತನ್ನ ಲಾನೇ.

ಮುನಿಸ್ವಾಮಪ್ಪ ಒಂದು ಗೂಟ ಕಿತ್ತು, ಒಂದು ಕಣ್ಣು ಮುಚ್ಚಿ ಅದರಾಚೆ ನೋಡಿದರು. "ಇದು ಸರಿ ಇಲ್ಲ. ಏರು ಜಾಸ್ತಿ ಅದೆ. ಇಲ್ಲಿ ಪ್ರೆಶರ್ ಸಿಕ್ಕಲ್ಲ" ಎಂದರು. ಇಂಜಿನಿಯರ್ ಮಾತು ಹೀಗೇ ಇರುತ್ತದೆ ಎಂದು ಜನ ತಲೆದೂಗಿದರು. "ನಿಮ್ಮನೇಗಳಿಗೇನೂ ಆಗಲ್ಲ. ಮೇಲಕ್ಕೆ ಬರೀತೀನಿ" ಎಂದು ಅವರು ಮುನಿರತ್ನಮ್ಮನಿಗೆ ಅಭಯ ಕೊಟ್ಟರು.

ಅಷ್ಟರಲ್ಲಿ ಸುಮಿತಾ ಸ್ಕೂಟಿಯಲ್ಲಿ ಧಾವಿಸಿ ಬಂದು, "ನಮಸ್ಕಾರ ಸಾರ್. ನಮಗೆ ಇನ್ನೂ ಲೆಟರ್ ಬಂದಿಲ್ಲ ಸಾರ್" ಎಂದರು.

"ಬತ್ತದೆ" ಎಂದರು ಮುನಿಸ್ವಾಮಪ್ಪ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮುನಿರಾಜ್‌ನ ಹೊಟ್ಟೆಯಲ್ಲಿ ಅವರೆ ಪಾತಿಯ ಬಳಸು ಇನ್ನೂ ಕುದಿಯುತ್ತಿತ್ತು. "ಸಾರ್, ಈವಯ್ಯನ ಜಾಗದಾಗೆ ಒಂದು ಗಿಡಾನೂ ಇಲ್ಲ ಸಾರ್, ನೋಡ್ಕೊಳ್ಳಿ. ಮೊನ್ನೆಗಂಟ ಇಲ್ಲಿ ತಿಪ್ಪೆ ಇತ್ತು. ಇವ್ನು ತೋಟ ಅದೆ ಅಂತ ಏನಾನ ಏಳಿದ್ರೆ ನಂಬ್ಬೇಡಿ. ಉಟ್ಟಿದಾಗ್ಲಿಂದ ಇಲ್ಲಿ ತಿಪ್ಪೆ ಬಿಟ್ರೆ ಬೇರೆ ಇಲ್ಲ."

ಮುನಿಸ್ವಾಮಪ್ಪ ನಿಧಾನವಾಗಿ ಶ್ರೀನಿವಾಸಪ್ಪನ ಕಡೆ ತಿರುಗಿದರು. ಚಪ್ಪಲಿ ಬಿಟ್ಟು ಒಳಗೆ ಹೋದರು. ಹಾಲು ಲೆಕ್ಕ ಮಾಡುವ ನೆಪದಲ್ಲಿ ನಾನೂ ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ.

ಒಳಗೆ ಚಾಪೆಯ ಮೇಲೆ ಇಬ್ಬರೇ ಕುಳಿತಿದ್ದರು. ಚಂದನ ಕಾಫಿ ತಂದಿಟ್ಟಳು. ಅವಳ ಮುಖ ನೋಡಲಾಗಲಿಲ್ಲ. ಮುನಿನಾರಾಯಣಮ್ಮ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುವುದನ್ನು ನಿಲ್ಲಿಸಿದ್ದಳು.

"ಬೀಗ್ರೇ, ಆ ಫೋಟೊದಾಗಿದ್ದ ತೋಟ ಎಲ್ಲಿ?" ಎಂದು ಮುನಿಸ್ವಾಮಪ್ಪ ಕೇಳಿದರು.

ಶ್ರೀನಿವಾಸಪ್ಪ ತಲೆ ತಗ್ಗಿಸಿದ. ನಿಜ ಹೇಳಲೆಂದೇ ಬಾಯಿ ತೆರೆದ. ಅವನಿಗೇ ತಿಳಿಯದಂತೆ ಬೇರೆ ಮಾತು ಬಂತು.

"ಬೀಗ್ರೇ... ನೀವು ಯಾವ ಡಿಪಾರ್ಟ್‌ಮೆಂಟು?"

ಮುನಿಸ್ವಾಮಪ್ಪ ಕಿಟಕಿಯ ಕಡೆ ನೋಡಿದರು. ಸರಳಿನಾಚೆ ಮುನಿರಾಜ್, ಮುನಿರತ್ನಮ್ಮ, ನರಸಮ್ಮ, ಅವರ ಹಿಂದೆ ಸುಮಿತಾ, ಎಲ್ಲರೂ ಭಯಭಕ್ತಿಯಿಂದ ಕಾಯುತ್ತಿದ್ದರು. ಮುನಿಸ್ವಾಮಪ್ಪ ಫೈಲನ್ನು ತೊಡೆಯ ಮೇಲೆ ಸರಿಮಾಡಿಕೊಂಡರು, ಕಾಫಿ ಕುಡಿದರು, ಮೀಸೆ ಒರೆಸಿಕೊಂಡರು.

"ಗಾಳಿ ಚೆನ್ನಾಗಿ ಬತ್ತದೆ" ಎಂದರು.

"ಅದೇ ಬೀಗ್ರೇ ನಾನೂ ಏಳಿದ್ದು" ಎಂದ ಶ್ರೀನಿವಾಸಪ್ಪ.

ಅಡುಗೆಮನೆಯಲ್ಲಿ ಮತ್ತೆ ಅವರೆಕಾಳು ಹಿದುಕುವ ಸದ್ದು ಶುರುವಾಯಿತು. ಕಿಟಕಿ ಮುಚ್ಚಿ, ಫೈಲು ಬಿಚ್ಚಿ ಪಂಚಾಂಗ ತೆಗೆದರು. ಯುಗಾದಿ ಕಳೆದ ಮೇಲಿನ ಲಗ್ನವೇ ಆಗಲಿ ಎಂದು ಇಬ್ಬರೂ ಒಪ್ಪಿ, ತಾಂಬೂಲವನ್ನು ಅಲ್ಲೇ ಚಾಪೆಯ ಮೇಲೆ ಬದಲಾಯಿಸಿಕೊಂಡರು. ಜಾತಕ ನೋಡಿ ಜೋಡಿ ಕೂಡಿಸುವುದು ವಧೂವರರಿಗೆ ಮಾತ್ರ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಚಂದನ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೂ ಸಂತೋಷವಾಯಿತು.

ಮದುವೆ ಬಂಗಾರಪೇಟೆಯ ಛತ್ರದಲ್ಲಿ ನಡೆಯಿತು. ನೇರಳಕುಂಟೆಯವರು ವರನ ತಂದೆಯ ಪೇಟದ ಕೆಳಗೆ ನಮ್ಮ ಆಫೀಸರ ಮುಖ ಕಂಡು ಊಟದ ಎಲೆಯ ಮುಂದೆ ಕೈ ನಿಲ್ಲಿಸಿದರು. ಇಷ್ಟು ದೊಡ್ಡವರ ಸಂಬಂಧ ಮಾಡಿದ್ದಕ್ಕೇ ರಸ್ತೆ ಅವರೆ ಪಾತಿಯ ಬಳಿ ಬಳಸಿದ್ದು ಎಂದು ಮುನಿರಾಜ್ ಎಲ್ಲರಿಗೂ ವಿವರಿಸಿದ. ಮುನಿರತ್ನಮ್ಮ ಮಾತ್ರ ಪಾಯಸ ಬಡಿಸುವ ಹೊತ್ತಿಗೆ ಎದ್ದುಹೋಗಿ, "ಸಾರ್, ನಮ್ ರಸ್ತೆ ಏನಾಯ್ತು ಸಾರ್?" ಎಂದು ಕೇಳಿಯೇಬಿಟ್ಟಳು.

"ಫೈಲು ಮೇಲೆ ಓಗದೆ" ಎಂದರು ಮುನಿಸ್ವಾಮಪ್ಪ, ಅಕ್ಷತೆ ಕೈಯಲ್ಲಿ ಹಿಡಿದೇ.

ಹೀಗಾಗಿ ಗಿಡ ಕೀಳಲು ಯಾರಿಗೂ ಧೈರ್ಯ ಬರಲಿಲ್ಲ. ಬೇಸಿಗೆಯೆಲ್ಲ ಹಸುವಿಗೆ ಕುಡಿಸಿ ಉಳಿದ ನೀರನ್ನೂ, ಪಾತ್ರೆ ತೊಳೆದ ನೀರನ್ನೂ ಸಸಿಗಳಿಗೇ ಸುರಿದರು. ಬುಡಕ್ಕೆ ಒಣಗಿದ ಎಲೆ ಮುಚ್ಚಿದರು, ಮೇಕೆ ಬರದಂತೆ ಮುಳ್ಳು ಕಟ್ಟಿದರು. ಮಳೆ ಬರುವ ಹೊತ್ತಿಗೆ ಊರಿನ ಯಾವ ಮನೆ ಮುಂದೆ ನಿಂತರೂ ಹಸಿರು. ಶ್ರೀನಿವಾಸಪ್ಪನ ಮನೆ ಮುಂದೆ ತಿಪ್ಪೆ ಮತ್ತೆ ತನ್ನ ಜಾಗಕ್ಕೆ ಬಂತು, ಗೂಟಗಳಿಗೆ ಹಸು ಕಟ್ಟಿದರು.

ಮೊನ್ನೆ ನಾನೂ ಶ್ರೀನಿವಾಸಪ್ಪನೂ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತಿದ್ದೆವು. ಎದುರು ಸೀಟಿನ ಯಾರೋ ಪರಿಚಯ ಬೆಳೆಸಿಕೊಂಡು ಮಾತಿಗೆ ಕುಳಿತರು. ಸ್ವಲ್ಪ ಹೊತ್ತಿಗೆ ಇವನ ಮೊಬೈಲು ಹೊರಬಂತು. ಮುನಿರಾಜ್‌ನ ಮಾವಿನ ಗಿಡಗಳ ಮುಂದೆ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತ ಫೋಟೊ.

"ಓಹೋ, ನಿಮ್ಮ ತೋಟವಾ ಸಾರ್?" ಎಂದರು ಆ ಮನುಷ್ಯ.

ಶ್ರೀನಿವಾಸಪ್ಪ ಕಿಟಕಿಯ ಆಚೆ ನೋಡಿದ. ನಾನು ಬಾಯಿ ಹಾಕಿ ನಿಜ ಹೇಳಿಬಿಡೋಣ ಎಂದು ಮೊಬೈಲಿನ ಮೇಲೆ ಬಗ್ಗಿದೆ. ಫೋಟೊದ ಮೂಲೆಯಲ್ಲಿ ಡೈರಿಯ ಎರಡು ತೆಂಗಿನ ಸಸಿಗಳು ಬಹಳ ಚೆನ್ನಾಗಿ ಬಂದಿದ್ದವು. ಸುಮ್ಮನಾದೆ.